ಅಕ್ಷರ ಕೆತ್ತಿದ ರುಡಾಲ್ಫ್ ಕೋಖ್

ನಮ್ಮ ಕಾಮರ್ಸ್ ವಿಭಾಗದ ಆಹಾರ ಮೇಳಕ್ಕೆ ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಫ್ರಿಕಾದ ತಿಂಡಿಗಳ ಮಳಿಗೆಗೆ ದಪ್ಪನೆಯ, ಚೂಪು ಮೂಲೆಗಳ ಒಂದು ಇಂಗ್ಲಿಷ್ ಅಕ್ಷರವನ್ನು ಆರಿಸಿದೆ. ‘ಜುರಾಸಿಕ್ ಪಾರ್ಕ್’ ಸಿನಿಮಾದ ಹೆಸರನ್ನು ಬರೆದಿರುವುದು ಇದೇ ಶೈಲಿಯಲ್ಲಿ. ಇದರ ಹೆಸರು ನೊಯ್‌ಲಾಂಡ್. ಕಾಡಿಗೆ, ಆಫ್ರಿಕಾಕ್ಕೆ ಇದೇ ಸರಿಯಾದ ಅಕ್ಷರ ಎಂದುಕೊಂಡಿದ್ದೆ. ಇದನ್ನು ಮಾಡಿದವರ ಜೀವನವನ್ನು ಓದಿದ ಮೇಲೆ ನನ್ನ ಎಣಿಕೆ ತಪ್ಪೆಂದು ಗೊತ್ತಾಯಿತು.

ರುಡಾಲ್ಫ್ ಕೋಖ್ 1876ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದರು. ಅವರ ತಂದೆ ಶಿಲ್ಪಿ. ಕೋಖ್‌ಗೆ ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಮನೆಯಲ್ಲಿ ಹಣದ ತೊಂದರೆ. ನಮ್ಮಷ್ಟು ವಯಸ್ಸಿನಲ್ಲಿ ಅವರು ಹಾನಾವ್ ಪಟ್ಟಣದಲ್ಲಿ ಲೋಹದ ಮೇಲೆ ಕೆತ್ತುವ ಕೆಲಸಕ್ಕೆ ಸೇರಿದ್ದರು. ಹಗಲು ದುಡಿತ, ಸಂಜೆ ಚಿತ್ರಕಲಾ ಶಾಲೆ. ಮುಂದೆ ಲೈಪ್‌ಜಿಗ್‌ನಲ್ಲಿ ಪುಸ್ತಕಗಳಿಗೆ ಮುಖಪುಟ ಬರೆದರು. 1906ರಲ್ಲಿ ಓಫೆನ್‌ಬಾಖ್‌ನ ಕ್ಲಿಂಗ್‌ಸ್ಪೋರ್ ಅಚ್ಚುಮೊಳೆ ಕಾರ್ಖಾನೆ ಸೇರಿ, ಕೊನೆಯವರೆಗೂ ಅಲ್ಲಿಗೇ ಅಕ್ಷರ ಮಾಡಿದರು. ಆ ಊರಿನ ಕಲಾಶಾಲೆಯಲ್ಲಿ ಪಾಠವನ್ನೂ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಹೋಗಿ ಬಂದರು. ಅವರು ದೈವಭಕ್ತ ಕ್ರೈಸ್ತರು. ಬೈಬಲಿನ ಮಾತುಗಳನ್ನು ಕೈಯಿಂದ ಸುಂದರವಾಗಿ ಬರೆಯುವುದು ಅವರಿಗೆ ಭಕ್ತಿಯ ಕೆಲಸವೇ ಆಗಿತ್ತು.

ನೊಯ್‌ಲಾಂಡ್ ಹೊರಬಂದದ್ದು 1923ರಲ್ಲಿ. ಸಾಮಾನ್ಯವಾಗಿ ಅಕ್ಷರವನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಲೋಹದಲ್ಲಿ ಕೆತ್ತುತ್ತಿದ್ದರು. ಕೋಖ್ ಚಿತ್ರ ಬರೆಯದೆ ನೇರವಾಗಿ ಲೋಹದಲ್ಲೇ ಕೆತ್ತಿದರು. ಆ ಮೂಲೆಗಳು ಉಳಿಯ ಗುರುತುಗಳು. ಪ್ರತಿ ಅಳತೆಯನ್ನೂ ಬೇರೆಬೇರೆಯಾಗಿ ಕೆತ್ತಿದ್ದರಿಂದ ಒಂದು ಅಳತೆಯ ಅಕ್ಷರ ಇನ್ನೊಂದರಂತೆ ಇಲ್ಲ. ಅದರಲ್ಲಿ ಇರುವುದು ದೊಡ್ಡಕ್ಷರಗಳು ಮಾತ್ರ. ಅವರು 1934ರಲ್ಲಿ ತೀರಿಕೊಂಡರು. ಅವರ ಯಹೂದಿ ಶಿಷ್ಯ ಬರ್ಟೋಲ್ಡ್ ವೋಲ್ಪ ಹಿಟ್ಲರನ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋಗಿ, ಆಲ್ಬರ್ಟಸ್ ಎಂಬ ಹೆಸರಾಂತ ಅಕ್ಷರ ಮಾಡಿದರು.

ಅಮೆರಿಕದ ಪ್ರಕಾಶಕರು ಮಾತ್ರ ನೊಯ್‌ಲಾಂಡನ್ನು ಆಫ್ರಿಕಾದ ಮತ್ತು ಕಪ್ಪು ಜನರ ಕುರಿತ ಪುಸ್ತಕಗಳ ಮೇಲೆ ಹಾಕುತ್ತಾ ಬಂದರು. ಆಮೇಲೆ ಅದು ಕಾಡು, ಸಫಾರಿಯ ಗುರುತಾಯಿತು. ಆಫ್ರಿಕಾದ ಯಾರೂ ಹಾಗೆ ಬರೆದಿರಲಿಲ್ಲ. ಒರಟಾಗಿ ಕಂಡದ್ದನ್ನು ಅವರ ತಲೆಗೆ ಕಟ್ಟಿದ್ದಷ್ಟೇ.

ಇದನ್ನು ಓದುವಾಗ ನಮ್ಮ ರಸ್ತೆಯ ಬಿರಿಯಾನಿ ಹೋಟೆಲಿನ ಬೋರ್ಡು ನೆನಪಾಯಿತು. ಅದರಲ್ಲಿ ಕನ್ನಡವನ್ನು ಅರಬಿಯಂತೆ ಕಾಣಲೆಂದು ಎಳೆದು ಬಾಗಿಸಿದ್ದಾರೆ. ನನಗೂ ಅದು ಚೆಂದವೇ ಕಂಡಿತ್ತು. ಆದರೆ ನಮ್ಮ ಮನೆಮಾತು ಉರ್ದುವಾದರೂ ನಾವು ಕನ್ನಡ ಬರೆಯುವುದು ಎಲ್ಲರಂತೆ ದುಂಡಗೇ ಅಲ್ಲವೇ? ನಮ್ಮ ಮೇಲೆ ಯಾರೋ ಹಚ್ಚಿದ ವೇಷವನ್ನು ನಾನೇ ಇನ್ನೊಬ್ಬರ ಮೇಲೆ ಹಚ್ಚಲು ಹೊರಟಿದ್ದೆ.

ಪೋಸ್ಟರಿನ ಅಕ್ಷರ ಬದಲಿಸಿದೆ. ನೊಯ್‌ಲಾಂಡನ್ನು ಬಿಟ್ಟಿಲ್ಲ. ನಮ್ಮ ಲೆಕ್ಕಶಾಸ್ತ್ರ ಪ್ರದರ್ಶನದ ಫಲಕಕ್ಕೆ ಅದನ್ನೇ ಬಳಸಿದ್ದೇನೆ. ಅಲ್ಲಿ ಅದು ಯಾರ ವೇಷವೂ ಅಲ್ಲ, ಬರೀ ಗಟ್ಟಿಯಾದ ಅಕ್ಷರ.