ಮತ ಕೇಳಲು ಹೊರಟ ಕಮಲಾದೇವಿ

ಚುನಾವಣೆ ಬಂತೆಂದರೆ ನಮ್ಮ ಮಣ್ಣಗುಡ್ಡದಲ್ಲಿ ಪ್ರಚಾರದ ರಿಕ್ಷಾಗಳದ್ದೇ ಗದ್ದಲ. ಕರಪತ್ರ ಹಿಡಿದು ಮನೆಮನೆಗೆ ಬರುವವರಲ್ಲಿ ಹೆಂಗಸರೂ ಬಹಳ. ಅವರನ್ನು ಕಂಡಾಗ ನನಗೆ ನೆನಪಾಗುವುದು 1926ರಲ್ಲಿ ಇದೇ ಜಿಲ್ಲೆಯಲ್ಲಿ ಮತ ಕೇಳಲು ಹೊರಟ 23 ವರ್ಷದ ಕಮಲಾದೇವಿ ಚಟ್ಟೋಪಾಧ್ಯಾಯ. ಕೈಮಗ್ಗ, ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರೆಂದು ದೇಶವೆಲ್ಲ ಅವರನ್ನು ಬಲ್ಲದು. ಆ ಚುನಾವಣೆಯ ಮಾತು ಮಾತ್ರ ಅಪರೂಪ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರಕಾರಿ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ. ಅದೂ ಬೇಡವೆಂದು, ತವರಿನಿಂದ ತಂದಿದ್ದರಲ್ಲೇ ಮಗಳನ್ನು ಬೆಳೆಸಿದರು.

ಕಮಲಾದೇವಿಗೆ 14ಕ್ಕೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಮದರಾಸಿನಲ್ಲಿ ಓದುವಾಗ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮರುಮದುವೆಯಾದರು. ಊರು ಎಷ್ಟು ಆಡಿಕೊಂಡಿರಬೇಕು, ನೀವೇ ಊಹಿಸಿ.

ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ ಹೆಂಗಸರಿಗೆ ಮತದಾನದ ಹಕ್ಕು 1921ರಲ್ಲೇ ಬಂದಿತ್ತು. ಆದರೆ ಆಸ್ತಿ, ತೆರಿಗೆಯ ಲೆಕ್ಕ ಸರಿಯಿದ್ದರೆ ಮಾತ್ರ. ಗಂಡಸರಿಗೂ ಅದೇ ನಿಯಮ, ಕಾಗದದ ಮೇಲೆ ಸಮಾನತೆ! ಗಿರಿಜಾಬಾಯಿಯವರ ಕತೆಯೇ ಎಷ್ಟೋ ಮನೆಗಳ ಕತೆಯಾಗಿದ್ದಾಗ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಎಲ್ಲಿಂದ ಬರಬೇಕು?

1926ರಲ್ಲಿ ಶಾಸನಸಭೆಗೆ ಸ್ಪರ್ಧಿಸುವ ಹಕ್ಕೂ ಹೆಂಗಸರಿಗೆ ಸಿಕ್ಕಿತು. ಐರ್ಲೆಂಡಿನಿಂದ ಬಂದು ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಕಸಿನ್ಸ್, ನೀವು ನಿಲ್ಲಲೇಬೇಕೆಂದು ಕಮಲಾದೇವಿಯವರನ್ನು ಒಪ್ಪಿಸಿ ತಾವೂ ಪ್ರಚಾರಕ್ಕಿಳಿದರು. ಸಿದ್ಧತೆಗೆ ಸಮಯವೇ ಇರಲಿಲ್ಲ. ಹೀಗಿದ್ದೂ ಕಮಲಾದೇವಿ ಸೋತದ್ದು ಕೆಲವೇ ಮತಗಳಿಂದ. ಮತದಾರರಲ್ಲಿ ಹೆಚ್ಚಿನವರು ಗಂಡಸರು, ಅದೂ ಆಸ್ತಿವಂತರು. ಅಂದಮೇಲೆ ಅವರಲ್ಲಿ ಎಷ್ಟೋ ಮಂದಿ, ಮರುಮದುವೆಯಾದ ಈ ಹೆಣ್ಣುಮಗಳಿಗೇ ಮತ ಹಾಕಿರಬೇಕು. ನನಗೆ ಸೋಲಿಗಿಂತ ದೊಡ್ಡ ಬೆರಗು ಇದೇ.

ಮರುವರ್ಷ ಡಾ. ಮುತ್ತುಲಕ್ಷ್ಮಿ ರೆಡ್ಡಿ ಸರಕಾರದ ನೇಮಕದಿಂದ ಆ ಸಭೆಯ ಸದಸ್ಯೆಯಾದರು. ಕಮಲಾದೇವಿ ಅಖಿಲ ಭಾರತ ಮಹಿಳಾ ಸಮ್ಮೇಳನ ಕಟ್ಟುವ ಕೆಲಸಕ್ಕಿಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬೇಕೆಂದು ಗಾಂಧೀಜಿಯ ಬಳಿ ವಾದಿಸಿ ಒಪ್ಪಿಸಿದರು. ಬೊಂಬಾಯಿಯಲ್ಲಿ ಉಪ್ಪು ಮಾರಿ ಜೈಲಿಗೂ ಹೋದರು. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಆಸ್ತಿಯ ಲೆಕ್ಕ ಹೋಗಿ, 21 ತುಂಬಿದವರಿಗೆಲ್ಲ ಮತದ ಹಕ್ಕು ಬಂದಿತ್ತು. ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಕಮಲಾದೇವಿ ಆಮೇಲೆ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹಳ್ಳಿಹಳ್ಳಿ ಸುತ್ತಿದರು. ತೀರಿಕೊಂಡದ್ದು 1988ರ ಅಕ್ಟೋಬರ್ 29ರಂದು.