ದೈತ್ಯನ ಹಿಂದಿದ್ದ ಸೈನಿಕ

ಗಾಡ್ಜಿಲ್ಲಾ ಎಂದೊಡನೆ ರಬ್ಬರಿನ ವೇಷ ತೊಟ್ಟವನೊಬ್ಬ ಆಟಿಕೆಯ ಊರನ್ನು ತುಳಿಯುವ ದೃಶ್ಯವೇ ಕಣ್ಣೆದುರು ಬರುತ್ತದೆ. ನಾನೂ ಬಹುಕಾಲ ಅದನ್ನು ಮಕ್ಕಳ ಸಿನಿಮಾ ಎಂದೇ ಬಗೆದಿದ್ದೆ. 1954ರ ಮೂಲ ಜಪಾನಿ ಚಿತ್ರವನ್ನು ನಡುವಯಸ್ಸಿನಲ್ಲಿ ನೋಡಿದಾಗ ನಗು ಬರಲಿಲ್ಲ. ಉರಿಯುವ ಟೋಕಿಯೊದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಬಳಿಗೇ ಹೋಗಿಬಿಡುತ್ತೇವೆಂದು ಸಂತೈಸುತ್ತಾಳೆ. ಆ ಅಪ್ಪ ಎಲ್ಲಿ ಹೋದನೆಂದು ಅಂದಿನ ಜಪಾನಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಈ ಚಿತ್ರದ ನಿರ್ದೇಶಕ ಇಶಿರೊ ಹೊಂಡಾ 1911ರಲ್ಲಿ ಯಮಗಾಟ ಪ್ರಾಂತದಲ್ಲಿ, ಬೌದ್ಧ ಅರ್ಚಕರೊಬ್ಬರ ಮಗನಾಗಿ ಹುಟ್ಟಿದರು. 1933ರಲ್ಲಿ ಸ್ಟುಡಿಯೊ ಸೇರಿದರು. ಅಲ್ಲಿ ಗೆಳೆಯರಾದ ಅಕಿರಾ ಕುರೊಸಾವಾ 1943ರಲ್ಲೇ ನಿರ್ದೇಶಕರಾದರು. ಹೊಂಡಾ ಅವರನ್ನು ಮಾತ್ರ ಸೇನೆ ಮತ್ತೆ ಮತ್ತೆ ಕರೆದೊಯ್ದಿತು. ಅವರ ಯೌವನದ ಹಲವು ವರ್ಷಗಳು ಚೀನಾದಲ್ಲಿ ಕಳೆದುಹೋದವು. ಒಮ್ಮೆ ಎದುರಿಗೇ ಬಿದ್ದ ಷೆಲ್ಲೊಂದು ಸಿಡಿಯಲಿಲ್ಲ. ಅದನ್ನವರು ಊರಿಗೆ ತಂದು, ಕೊನೆಯವರೆಗೂ ಮೇಜಿನ ಮೇಲೆ ಇರಿಸಿಕೊಂಡಿದ್ದರು.

ಅವರನ್ನು ಯುದ್ಧಪೀಡಿತ ಸಂತನನ್ನಾಗಿ ಮಾಡುವ ಆಸೆ ನನಗಿಲ್ಲ. ಜಪಾನಿ ಸೇನೆ ತನ್ನ ಸೈನಿಕರಿಗಾಗಿ ಹೆಂಗಸರನ್ನು ಕೂಡಿಹಾಕಿದ್ದ ಕೇಂದ್ರವೊಂದರ ಉಸ್ತುವಾರಿಯೂ ಅವರ ಪಾಲಿಗೆ ಬಂದಿತ್ತು. 1966ರಲ್ಲಿ ಆ ಕುರಿತು ಅವರೇ ಬರೆದರು. ಅನೇಕರು ಮುಚ್ಚಿಟ್ಟೇ ಸತ್ತ ಸಂಗತಿಯದು. ಬರೆದ ಮಾತ್ರಕ್ಕೆ ಪಾಲುಗಾರಿಕೆ ಅಳಿಸಿಹೋಗುವುದಿಲ್ಲ ಎಂಬುದೂ ನಿಜವೇ.

ಸೆರೆಯಾಳಾಗಿದ್ದು 1946ರಲ್ಲಿ ಮರಳುವಾಗ ಅವರು ಹಿರೋಶಿಮಾದ ಮೂಲಕ ಹಾದುಬಂದರು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದಾಗ, ಜಪಾನಿ ಮೀನುಗಾರಿಕಾ ದೋಣಿಯೊಂದರ 23 ಮಂದಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯ ರೇಡಿಯೊ ನಿರ್ವಾಹಕ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ರಂದು ಚಿತ್ರ ತೆರೆಕಂಡಿತು. ಬೆಳಕಿನ ಹೊಡೆತಕ್ಕೆ ಸಿಕ್ಕಿ ಮುಳುಗುವ ಹಡಗಿನಿಂದಲೇ ಅದು ಆರಂಭವಾಗುತ್ತದೆ. ಬಾಂಬ್ ಪರೀಕ್ಷೆಗಳಿಂದ ಎದ್ದುಬಂದ ದೈತ್ಯ ನಗರವನ್ನು ಸುಟ್ಟು ಹೋದ ಮೇಲೆ, ಹೊಂಡಾ ನಮ್ಮನ್ನು ಆಸ್ಪತ್ರೆಯೊಳಗೆ ಕರೆದೊಯ್ದು, ಪುಟ್ಟ ಮಗುವಿನ ಬಳಿ ವಿಕಿರಣ ಅಳೆಯುವ ಯಂತ್ರ ಹಿಡಿದ ವೈದ್ಯನ ಮುಖ ತೋರಿಸುತ್ತಾರೆ. ದೈತ್ಯನನ್ನು ಕೊಲ್ಲಬಲ್ಲ ಅಸ್ತ್ರ ಕಂಡುಹಿಡಿದ ವಿಜ್ಞಾನಿ ಸೆರಿಜಾವಾ, ಅದು ಅಧಿಕಾರಸ್ಥರ ಕೈಸೇರಬಾರದೆಂದು ಟಿಪ್ಪಣಿಗಳನ್ನು ಸುಟ್ಟು, ಸಮುದ್ರದಡಿಯಲ್ಲಿ ದೈತ್ಯನೊಂದಿಗೇ ಸಾಯುತ್ತಾನೆ. ತಾನು ಪ್ರೀತಿಸಿದ ಹುಡುಗಿಯನ್ನು ಇನ್ನೊಬ್ಬನಿಗೆ ಒಪ್ಪಿಸಿಯೇ ಅವನು ಸತ್ತದ್ದು. ಎಯ್ಜಿ ತ್ಸುಬುರಾಯಾ ಅವರ ಕೈಚಳಕದ ದೈತ್ಯನಿಗಿಂತ ಈ ಮಂಕು ಮುಖದ ವಿಜ್ಞಾನಿಯೇ ನನ್ನನ್ನು ಹೆಚ್ಚು ಕಾಡಿದ.

1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು ಬೇರೊಂದು ಚಿತ್ರವೆನ್ನಬೇಕು. ಅಣ್ವಸ್ತ್ರದ ಮಾತುಗಳಿಗೆ ಬಹುಮಟ್ಟಿಗೆ ಕತ್ತರಿ ಬಿದ್ದು, ಅಮೆರಿಕನ್ ವರದಿಗಾರನೊಬ್ಬ ಕಥೆಯೊಳಗೆ ಬಂದು ಕುಳಿತಿದ್ದ. ಜಪಾನಿನಲ್ಲೂ ದೈತ್ಯ ಕ್ರಮೇಣ ಮಕ್ಕಳ ನೆಚ್ಚಿನ ನಾಯಕನಾದ. ಹೊಂಡಾ 1975ರವರೆಗೂ ಅಂಥ ಚಿತ್ರಗಳನ್ನು ಮಾಡುತ್ತಲೇ ಇದ್ದರು. ಅವುಗಳಲ್ಲಿ ಕೆಲವನ್ನು ನಾನು ಪೂರ್ತಿ ನೋಡಲಾರದೆ ಎದ್ದಿದ್ದೇನೆ.

ಎಪ್ಪತ್ತರ ಹೊಸ್ತಿಲಲ್ಲಿ ಅವರು ಹಳೆಯ ಗೆಳೆಯ ಕುರೊಸಾವಾರ ಬಳಿ ಸಹಾಯಕರಾಗಿ ಸೇರಿದರು. ಅಲ್ಲಿ ದುಡಿದ ಚಿತ್ರಗಳಲ್ಲೊಂದು, 1991ರಲ್ಲಿ ಬಂದದ್ದು, ನಾಗಸಾಕಿಯಲ್ಲಿ ಗಂಡನನ್ನು ಕಳೆದುಕೊಂಡ ಅಜ್ಜಿಯ ಕಥೆ. ಅದರಲ್ಲಿ ದೈತ್ಯನಿಲ್ಲ. 1993ರ ಫೆಬ್ರುವರಿಯಲ್ಲಿ ಹೊಂಡಾ ತೀರಿಕೊಂಡರು.