ಯೋಗ ಸ್ಟುಡಿಯೋ ಹಲವು, ಮೇಷ್ಟ್ರು ಒಬ್ಬರೇ: ಚಿತ್ರದುರ್ಗ ಜಿಲ್ಲೆಯ ಕೃಷ್ಣಮಾಚಾರ್ಯರ ಕಥೆ

ಬೆಂಗಳೂರಿನಲ್ಲಿ ಯೋಗ ಕಲಿಯೋಣ ಎಂದು ಹೊರಟವರಿಗೆ ಮೊದಲು ಗೊಂದಲ ಹುಟ್ಟಿಸುವುದೇ ಸ್ಟುಡಿಯೋಗಳ ಬೋರ್ಡು. ಒಂದು ಕಡೆ ಅಯ್ಯಂಗಾರ್ ಯೋಗ. ಅಲ್ಲಿ ಹಗ್ಗ, ಬೆಲ್ಟು, ಕುರ್ಚಿ ಕೊಟ್ಟು ಒಂದೇ ಆಸನದಲ್ಲಿ ನಿಮಿಷಗಟ್ಟಲೆ ನಿಲ್ಲಿಸುತ್ತಾರೆ. ಇನ್ನೊಂದು ಕಡೆ ಅಷ್ಟಾಂಗ ವಿನ್ಯಾಸ. ಅಲ್ಲಿ ಬೆವರು ಸುರಿಯುವಂತೆ ಒಂದು ಆಸನದಿಂದ ಇನ್ನೊಂದಕ್ಕೆ ಹಾರಿಸುತ್ತಾರೆ. ಮತ್ತೊಂದು ಕಡೆ ಯೋಗ ಥೆರಪಿ. ಅಲ್ಲಿ ಉಸಿರಿನ ಜೊತೆ ನಿಧಾನವಾಗಿ ಕೈ ಎತ್ತಿ ಇಳಿಸುವುದೇ ಪಾಠ.

ಇದರ ಮೇಲೆ ವಾಟ್ಸಾಪ್ ಸಂದೇಶಗಳು ಬೇರೆ. ಇಂಥ ಯೋಗವೇ ಮೂಲ, 5,000 ವರ್ಷ ಹಳೆಯದು, ಉಳಿದದ್ದೆಲ್ಲ ಕಲಬೆರಕೆ ಎಂದು ಒಂದು. ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಿದ್ದರು, ವಿದೇಶಿ ವೈದ್ಯರೇ ಒಪ್ಪಿದ್ದಾರೆ ಎಂದು ಇನ್ನೊಂದು. ಈ ಎರಡೂ ಮಾತುಗಳ ಜಾಡು ಹಿಡಿದು ಹೊರಟರೆ ನಾವು ತಲುಪುವುದು ಒಬ್ಬರೇ ವ್ಯಕ್ತಿಯ ಬಳಿಗೆ. ಅವರೇ ತಿರುಮಲೈ ಕೃಷ್ಣಮಾಚಾರ್ಯ.

ಮುಚುಕುಂದಪುರದಿಂದ ಮೈಸೂರಿಗೆ

ಹೊರಕೆರೆದೇವಪುರ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಿರುವ ಚಿತ್ರದುರ್ಗ ಜಿಲ್ಲೆಯಲ್ಲೇ ಮುಚುಕುಂದಪುರ ಎಂಬ ಊರಿದೆ. ಕೃಷ್ಣಮಾಚಾರ್ಯರು ಹುಟ್ಟಿದ್ದು ಅಲ್ಲಿ, 1888ರ ನವೆಂಬರ್ 18ರಂದು. ವೇದಪಾಠಕ್ಕೂ ಯೋಗಕ್ಕೂ ತಂದೆಯೇ ಮೊದಲ ಗುರು. ಹತ್ತು ವರ್ಷದ ಆಸುಪಾಸಿನಲ್ಲಿ ತಂದೆ ತೀರಿಕೊಂಡರು. ಮನೆಯವರು ಮೈಸೂರಿಗೆ ಬಂದರು. ಅಲ್ಲಿ ಸಂಸ್ಕೃತ, ಶಾಸ್ತ್ರಗಳ ಓದು ಮುಂದುವರಿಯಿತು, ನಂತರ ಕಾಶಿಗೂ ಹೋದರು. ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತದ್ದಾಗಿ ಅವರು ಶಿಷ್ಯರಿಗೆ ಹೇಳುತ್ತಿದ್ದರು.

ಇಷ್ಟು ಓದಿದವರಿಗೆ ಊರಿಗೆ ಮರಳಿದಾಗ ಕೆಲಸ ಸುಲಭಕ್ಕೆ ಸಿಗಲಿಲ್ಲ. ಆ ಕಾಲದಲ್ಲಿ ಯೋಗ ಹೊಟ್ಟೆ ತುಂಬಿಸುವ ವಿದ್ಯೆಯಾಗಿರಲಿಲ್ಲ. ಕೆಲ ಕಾಲ ಕಾಫಿ ತೋಟದಲ್ಲಿ ಮೇಲ್ವಿಚಾರಕರಾಗಿ ದುಡಿದರು, ಬಿಡುವಿನಲ್ಲಿ ಊರೂರಿಗೆ ಹೋಗಿ ಆಸನಗಳನ್ನು ಮಾಡಿ ತೋರಿಸಿದರು. ಹಾಸನದಲ್ಲಿ ನಡೆದ ಅಂಥದೊಂದು ಪ್ರದರ್ಶನ ನೋಡಿ, ಕೌಶಿಕ ಎಂಬ ಹಳ್ಳಿಯ ಹುಡುಗನೊಬ್ಬ ಅವರಲ್ಲಿ ಪಾಠಕ್ಕೆ ಸೇರಿದ. ಅವನೇ ಮುಂದೆ ಅಷ್ಟಾಂಗ ವಿನ್ಯಾಸ ಯೋಗಕ್ಕೆ ಹೆಸರಾದ ಪಟ್ಟಾಭಿ ಜೋಯಿಸ್.

ಅರಮನೆಯ ಯೋಗಶಾಲೆ

ಕೃಷ್ಣಮಾಚಾರ್ಯರ ದಿಕ್ಕು ಬದಲಾಗಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸಿಕ್ಕ ಮೇಲೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಶುರುವಾಯಿತು. 1934ರಲ್ಲಿ ಅವರ ಯೋಗ ಮಕರಂದ ಪುಸ್ತಕ ಬಂತು, ಅದೂ ಕನ್ನಡದಲ್ಲಿ.

ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಅವರ ಮೈಗೂ ವಯಸ್ಸಿಗೂ ತಕ್ಕಂತೆ ಹಾರುವ, ಬಾಗುವ, ಉಸಿರಿಗೆ ಹೊಂದಿಕೊಂಡು ಸಾಗುವ ಆಸನಗಳ ಸರಣಿ ಕಲಿಸಿದರು. ಇಂದಿನ ಅಷ್ಟಾಂಗ ವಿನ್ಯಾಸದ ಬೇರು ಇಲ್ಲಿದೆ. ಅದೇ ಮುಂದೆ ಅಮೆರಿಕದಲ್ಲಿ ಪವರ್ ಯೋಗವಾಗಿ ಕವಲೊಡೆಯಿತು.

1934ರಲ್ಲಿ ಅವರ ಹೆಂಡತಿ ನಾಮಗಿರಿಯಮ್ಮನವರ ತಮ್ಮ ಮೈಸೂರಿಗೆ ಬಂದ. ಕಾಯಿಲೆಗಳಿಂದ ಸೊರಗಿ ಹೋಗಿದ್ದ ಹುಡುಗ. ಭಾವನ ಪಾಠ ಬಹಳ ಕಠಿಣವಾಗಿತ್ತು. 1937ರಲ್ಲಿ ಅವನನ್ನು ಪುಣೆಗೆ ಕಳಿಸಿದರು. ದುರ್ಬಲ ದೇಹಕ್ಕೆ ಆಸನ ಹೇಗೆ ಹೊಂದಿಸಬೇಕು ಎಂದು ಅಲ್ಲಿ ತನ್ನ ಮೈಯ ಮೇಲೇ ಪ್ರಯೋಗ ಮಾಡುತ್ತಾ ಬೆಳೆದವರು ಬಿ.ಕೆ.ಎಸ್. ಅಯ್ಯಂಗಾರ್. ಆ ಹಗ್ಗ, ಬೆಲ್ಟು, ಕುರ್ಚಿಗಳು ಬಂದದ್ದು ಈ ದಾರಿಯಿಂದ.

ಅದೇ 1937ರಲ್ಲಿ ಇಂದ್ರಾದೇವಿ ಎಂದು ಹೆಸರಾದ ಯುರೋಪಿನ ಮಹಿಳೆ ಬಂದರು. ಹೆಂಗಸು, ಅದರಲ್ಲೂ ವಿದೇಶಿ ಎಂದು ಮೇಷ್ಟ್ರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಹತ್ತು ವರ್ಷದ ನಂತರ ಇಂದ್ರಾದೇವಿ ಹಾಲಿವುಡ್‌ನಲ್ಲಿ ಯೋಗ ಸ್ಟುಡಿಯೋ ತೆರೆದರು.

ಹಾಗಾದರೆ ಮೂಲ ಯೋಗ ಯಾವುದು?

ಯೋಗದ ಪರಂಪರೆ ಹಳೆಯದು, ನಿಜ. ಆದರೆ ಸ್ಟುಡಿಯೋದಲ್ಲಿ ಮಾಡಿಸುವ ಇಡೀ ಆಸನ ಸರಣಿ ಅಷ್ಟೇ ಹಳೆಯದಲ್ಲ. 15ನೇ ಶತಮಾನದ ಹಠಯೋಗ ಪ್ರದೀಪಿಕೆ ವಿವರಿಸುವುದು 15 ಆಸನಗಳನ್ನು ಮಾತ್ರ. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಕೃಷ್ಣಮಾಚಾರ್ಯರು ಹಳೆಯದನ್ನು ಓದಿಕೊಂಡು, ಮುಂದೆ ಕೂತ ಶಿಷ್ಯರಿಗೆ ತಕ್ಕಂತೆ ಹೊಸದಾಗಿ ಜೋಡಿಸಿದರು. ಎಲ್ಲ ಸ್ಟುಡಿಯೋಗಳೂ ಅವರಿಂದಲೇ ಬಂದವಲ್ಲ. ಶಿವಾನಂದರ ಪರಂಪರೆಯಂಥ ಬೇರೆ ದಾರಿಗಳೂ ಇವೆ.

ಹೃದಯ ನಿಂತಿತ್ತೇ?

1935ರ ಸುಮಾರಿಗೆ ಫ್ರಾನ್ಸಿನ ಹೃದ್ರೋಗ ವೈದ್ಯೆ ತೆರೆಸ್ ಬ್ರೋಸ್ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದು ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದರು. ಇಸಿಜಿಯ ಗೆರೆ ಬಹಳ ಚಿಕ್ಕದಾಗಿ ಕಂಡಿತು. ಹೃದಯ ನಿಲ್ಲಿಸಿದರು ಎಂಬ ಕಥೆ ಹಬ್ಬಿದ್ದು ಹೀಗೆ.

ನಂತರ ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ಸಂಶೋಧಕರು ಇದನ್ನು ಮತ್ತೆ ಪರಿಶೀಲಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಪರೀಕ್ಷಿಸಿದ ಯಾರಲ್ಲೂ ಹೃದಯ ನಿಂತಿರಲಿಲ್ಲ. ಉಸಿರು ಬಿಗಿಹಿಡಿದು ಹೊಟ್ಟೆ, ಎದೆಯ ಸ್ನಾಯುಗಳನ್ನು ಗಟ್ಟಿ ಮಾಡಿದಾಗ ಎದೆಗೂಡಿನ ಒತ್ತಡ ಏರುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆಗ ಕೈಯ ನಾಡಿ ಸಿಗುವುದಿಲ್ಲ, ಎದೆಬಡಿತದ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ. ಇಸಿಜಿಯಲ್ಲಿ ಮಾತ್ರ ಹೃದಯ ಕೆಲಸ ಮಾಡುತ್ತಿರುವುದು ಕಾಣುತ್ತದೆ. ದೇಹದ ಮೇಲೆ ಇಷ್ಟು ಹಿಡಿತ ಇರುವುದು ದೊಡ್ಡ ವಿಷಯವೇ. ಆದರೆ ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ವಿಡಿಯೋ ನೋಡಿ ಹೀಗೆ ಉಸಿರು ಕಟ್ಟಲು ಹೋದರೆ ಜೀವಕ್ಕೇ ಅಪಾಯ.

ಮದ್ರಾಸಿನ ಕೊನೆಯ ಅಧ್ಯಾಯ

ಸ್ವಾತಂತ್ರ್ಯದ ನಂತರ ಅರಮನೆಯ ನೆರವು ನಿಂತಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಮೇಷ್ಟ್ರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಪಾರ್ಶ್ವವಾಯು ಹೊಡೆದಿದ್ದ ಹೆಸರಾಂತ ನ್ಯಾಯವಾದಿಯೊಬ್ಬರಿಗೆ ನೆರವಾಗಲು ಕರೆ ಬಂದು ಮದ್ರಾಸಿಗೆ ಹೋದರು, ಅಲ್ಲೇ ನೆಲೆಸಿದರು. ಈಗ ಬರುತ್ತಿದ್ದವರು ರೋಗಿಗಳು, ವಯಸ್ಸಾದವರು, ಕಚೇರಿ ಕೆಲಸದವರು. ಪಾಠವೂ ಬದಲಾಯಿತು. ಒಬ್ಬೊಬ್ಬರನ್ನೇ ಕೂರಿಸಿ, ನಾಡಿ ನೋಡಿ, ಉಸಿರು ಗಮನಿಸಿ, ಅವರಿಂದ ಆಗುವಷ್ಟನ್ನೇ ಹೇಳಿಕೊಟ್ಟರು. ಮಗ ಟಿ.ಕೆ.ವಿ. ದೇಶಿಕಾಚಾರ್ ಮುಂದುವರಿಸಿದ್ದು ಈ ಪದ್ಧತಿಯನ್ನು. ಕೃಷ್ಣಮಾಚಾರ್ಯರು 1989ರ ಫೆಬ್ರವರಿ 28ರಂದು, ನೂರು ತುಂಬಿದ ಮೇಲೆ, ತೀರಿಕೊಂಡರು. ಅಮೆರಿಕ, ಯುರೋಪಿಗೆ ಅವರು ಒಮ್ಮೆಯೂ ಹೋಗಲಿಲ್ಲ.

ನೀವು ಸ್ಟುಡಿಯೋ ಆರಿಸುವಾಗ

ಬೋರ್ಡಿನ ಮೇಲಿನ ಹೆಸರಿಗಿಂತ ಮುಖ್ಯವಾದ ಪ್ರಶ್ನೆಗಳಿವೆ. ಸೇರಿಸಿಕೊಳ್ಳುವ ಮೊದಲು ನಿಮ್ಮ ವಯಸ್ಸು, ಕಾಯಿಲೆ, ಆಪರೇಷನ್, ಗರ್ಭಿಣಿಯೇ ಎಂಬುದನ್ನು ವಿಚಾರಿಸುತ್ತಾರೆಯೇ? ಬಿ.ಪಿ. ಇದ್ದವರಿಗೆ, ಕಣ್ಣಿನ ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ ಬೇಡ ಎನ್ನುತ್ತಾರೆಯೇ? ನೋವಾದಾಗ ನಿಲ್ಲಿಸಲು ಬಿಡುತ್ತಾರೆಯೇ? ಮಾತ್ರೆ ಬಿಡಿ, ಯೋಗವೇ ಸಾಕು ಎನ್ನುವವರಿದ್ದರೆ ಆ ಸ್ಟುಡಿಯೋ ಬಿಡಿ. ಮಾತ್ರೆ ನಿಲ್ಲಿಸುವುದು, ಕಡಿಮೆ ಮಾಡುವುದು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಆಗಬೇಕು.

ಹೃದಯ ನಿಲ್ಲಿಸಿದ ಯೋಗಿಯ ಸಂದೇಶ ಮುಂದಿನ ಸಲ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಬರಹ ಹಾಕಿ. ಗ್ರೂಪಿನಲ್ಲಿ ಬಿ.ಪಿ. ಮಾತ್ರೆ ನುಂಗುವ ಹಿರಿಯರು ಇದ್ದೇ ಇರುತ್ತಾರೆ.